ವಿಸಿಒ ಕಟ್ಟಿದೀನಿ: ಮೇಲಿನ ಆಕ್ಟೇವಲ್ಲಿ ಶ್ರುತಿ ಇಳಿಯುತ್ತೆ, ಗಾಳಿ ಬೀಸಿದ್ರೆ ಅಲ್ಲಾಡುತ್ತೆ, ಎಲ್ಲಿಂದ ಶುರು ಮಾಡ್ಲಿ?

ಗರಗಸಅಲೆ:

ಎಲ್ರಿಗೂ ನಮಸ್ಕಾರ. ಅನಲಾಗ್ ಸಿಂಥ್‌ಗೆ ನಾನೇ ಒಂದು ವಿಸಿಒ (ವೋಲ್ಟೇಜಿಗೆ ತಕ್ಕಂಗೆ ಸ್ವರ ಬದಲಾಗೋ ಆಸಿಲೇಟರ್) ಮಾಡ್ಯೂಲ್ ಕಟ್ತಾ ಇದೀನಿ, ಸಾಟೂತ್ (ಗರಗಸದ ಹಲ್ಲಿನಂಥ ಅಲೆ) ಕೋರ್, 1 ವೋಲ್ಟ್‌ಗೆ 1 ಆಕ್ಟೇವ್ ಲೆಕ್ಕದ್ದು. ಬ್ರೆಡ್‌ಬೋರ್ಡಲ್ಲಿ ಸದ್ದು ಬಂದ ಮೇಲೆ ವೆರೋಬೋರ್ಡಿಗೆ ಇಳಿಸಿದೆ, ಸದ್ದಂತೂ ನಿಜವಾಗ್ಲೂ ತುಂಬಾ ಚೆನ್ನಾಗಿದೆ, ದಪ್ಪಗೆ ತುಂಬ್ಕೊಂಡು ಬರುತ್ತೆ, ಆದ್ರೆ ಶ್ರುತಿ ಮಾತ್ರ ನಿಲ್ತಾ ಇಲ್ಲ.

ಸರ್ಕ್ಯೂಟ್ ಹೇಳ್ಬಿಡ್ತೀನಿ. ಸಿವಿ (ಯಾವ ಸ್ವರ ಅಂತ ಹೇಳೋ ಕಂಟ್ರೋಲ್ ವೋಲ್ಟೇಜ್), ಕೋರ್ಸ್ ನಾಬ್, ಫೈನ್ ನಾಬ್ ಎಲ್ಲಾ 100ಕೆ ಮೂಲಕ ಒಂದು ಟಿಎಲ್072 ಆಪ್‌ಆಂಪಿನ, ವೋಲ್ಟೇಜ್ ಕೂಡಿಸೋ ಇನ್ವರ್ಟಿಂಗ್ ಸಮ್ಮರ್‌ಗೆ ಹೋಗ್ತವೆ, ಅದರ ಫೀಡ್‌ಬ್ಯಾಕಲ್ಲಿ ಮಾಮೂಲಿ ಮೆಟಲ್ ಫಿಲ್ಮ್ 1.5ಕೆ, ಜತೆಗೆ ಸೀರೀಸಲ್ಲಿ 500 ಓಮ್ ಮಲ್ಟಿಟರ್ನ್ ಟ್ರಿಮ್ಮರ್, ಅದೇ ಸ್ಕೇಲ್ ಅಡ್ಜಸ್ಟ್ ಮಾಡೋದು. ಆಮೇಲೆ ಎಕ್ಸ್‌ಪೋ ಕನ್ವರ್ಟರ್ (ಪ್ರತಿ ವೋಲ್ಟಿಗೂ ಕರೆಂಟ್ ಡಬಲ್ ಮಾಡೋ ಭಾಗ), ಎರಡು ಬಿಸಿ547 ಟ್ರಾನ್ಸಿಸ್ಟರ್, ಮಲ್ಟಿಮೀಟರಲ್ಲಿ ವಿಬಿಇ (ಬೇಸ್-ಎಮಿಟರ್ ವೋಲ್ಟೇಜ್) ನೋಡಿ ಆರಿಸಿದ ಜೋಡಿ. ರೆಫರೆನ್ಸ್ ಕರೆಂಟ್ +12 ವೋಲ್ಟ್ ಪವರ್ ರೈಲಿಂದ 1 ಮೆಗಓಮ್ ಮೂಲಕ ಬರುತ್ತೆ. ಆಪ್‌ಆಂಪ್ ಇಂಟಿಗ್ರೇಟರ್, ಅದರಲ್ಲಿ ಟೈಮಿಂಗ್ ಕೆಪಾಸಿಟರ್ 1 ನ್ಯಾನೋಫ್ಯಾರಡ್ ಸೆರಾಮಿಕ್, ಮೇಲೆ 102 ಅಂತ ಇರೋದು ಬಿಟ್ರೆ ಬೇರೇನೂ ಬರೆದಿಲ್ಲ. ಕೆಪಾಸಿಟರ್ ಖಾಲಿ ಮಾಡೋಕೆ ಜೆ113 ಜೆಫೆಟ್ (ಸ್ವಿಚ್ ತರ ಕೆಲಸ ಮಾಡೋ ಟ್ರಾನ್ಸಿಸ್ಟರ್), ಅದನ್ನ ಓಡ್ಸೋ ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸೋ ಭಾಗ) ಆಗಿ ಮಿಕ್ಕಿದ್ದ ಅರ್ಧ ಟಿಎಲ್072. ಸಾಟೂತ್ 0 ಇಂದ 5 ವೋಲ್ಟ್ ತನಕ ಏರುತ್ತೆ.

ಅರ್ಧ ಗಂಟೆ ಆನ್ ಮಾಡಿಟ್ಟು, ಕೆಳಗಿನ ಸ್ವರ ಸರಿ ಮಾಡ್ಕೊಂಡು, ಆಮೇಲೆ ಒಂದೊಂದೇ ವೋಲ್ಟ್ ಏರಿಸಿ ಫ್ರೀಕ್ವೆನ್ಸಿ ಬರ್ಕೊಂಡಿದೀನಿ:

0 ವೋಲ್ಟ್: 65.41 ಹರ್ಟ್ಜ್
1 ವೋಲ್ಟ್: 130.8
2 ವೋಲ್ಟ್: 261.5
3 ವೋಲ್ಟ್: 522.4
4 ವೋಲ್ಟ್: 1042.9
5 ವೋಲ್ಟ್: 2078
6 ವೋಲ್ಟ್: 4126

ಮೂರು ಆಕ್ಟೇವ್ ತನಕ ಚಿನ್ನದಂಗೆ ಇದೆ, ಆಮೇಲೆ ಇಳಿಯೋಕೆ ಶುರು. ಸ್ಕೇಲ್ ಟ್ರಿಮ್ ತಿರುಗಿಸಿ ಮೇಲಿಂದು ಸರಿ ಮಾಡಿದ್ರೆ ಕೆಳಗಿಂದೆಲ್ಲಾ ಕೆಡುತ್ತೆ, ಮತ್ತೆ ಕೆಳಗೆ ಸರಿ ಮಾಡ್ಬೇಕು, ಮತ್ತೆ ಮೇಲೆ, ಇದು ಮುಗಿಯೋ ಲಕ್ಷಣಾನೇ ಕಾಣ್ತಿಲ್ಲ.

ಇನ್ನೊಂದು ತೊಂದರೆ. ಆನ್ ಮಾಡಿದ ಹೊಸದ್ರಲ್ಲಿ ಕೆಳಗಿನ ಸ್ವರ ನಿಧಾನಕ್ಕೆ ಮೇಲೇರ್ತಾ ಹೋಗುತ್ತೆ, ಆದ್ರೆ 5 ವೋಲ್ಟ್ ಹತ್ರ ಇರೋ ಸ್ವರ ಅಷ್ಟಾಗಿ ಕದಲಲ್ಲ, ಇದ್ಯಾಕೆ ಹೀಗೆ ಅಂತ ಅರ್ಥಾನೇ ಆಗ್ತಿಲ್ಲ. ಇದರ ಮೇಲೆ ಫ್ಯಾನ್ ಗಾಳಿ ಬಿದ್ರೆ ಎಲ್ಲಾ ಸ್ವರಾನೂ ಒಟ್ಟಿಗೆ ಅಲ್ಲಾಡುತ್ತೆ, ಟ್ರಾನ್ಸಿಸ್ಟರ್ ಒಂದರ ಮೇಲೆ ಬೆರಳಿಟ್ರೆ ಅರ್ಧ ಸ್ವರ ಹಾರಿಬಿಡುತ್ತೆ. ಇವೆಲ್ಲಾ ಒಂದೇ ತೊಂದರೆನಾ ಬೇರೆ ಬೇರೇನಾ? ಮೊದ್ಲು ಯಾವುದಕ್ಕೆ ಕೈ ಹಾಕ್ಲಿ?


ತಂತಿಬೋರ್ಡ್:

ಗುರು, ಬಿಡಿಬಿಡಿಯಾಗಿ ಎಕ್ಸ್‌ಪೋ ಕಟ್ಟೋದು ಬಿಟ್ಟು ಒಂದು 3340 ಚಿಪ್ (ಇಡೀ ವಿಸಿಒ ಒಳಗೇ ಇರೋದು) ಹಾಕಿ. ಟೆಂಪರೇಚರ್ ಕಾಂಪೆನ್ಸೇಶನ್ ಒಳಗೇ ಇದೆ, ಮೇಲಿನ ಆಕ್ಟೇವ್ ಸರಿ ಮಾಡೋಕೆ ಬೇರೆ ಪಿನ್ನೇ ಕೊಟ್ಟಿದಾರೆ, ಸಾಟೂತ್ ಟ್ರಯಾಂಗಲ್ ಪಲ್ಸ್ ಮೂರೂ ಸಿಗುತ್ತೆ. 1980ರ ಪ್ರಾಫೆಟ್-5 ಸಿಂಥ್‌ನ ಮೂರನೇ ರಿವಿಷನ್ನಲ್ಲಿ ಇದೇ ಸಿಇಎಂ3340 ಇದ್ದಿದ್ದು, ಎಸ್‌ಎಚ್-101ರಲ್ಲೂ ಇದೇ. ಈಗ ಎಎಸ್3340 ಅಂತ ಅದರದ್ದೇ ಹೊಸ ರೂಪ ಸಿಗುತ್ತೆ, ಪಿನ್ನಿಗೆ ಪಿನ್ನು ಸೇಮ್.


ಬೆಸುಗೆ:

3340 ಒಳ್ಳೆ ಚಿಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇವರ ಬೋರ್ಡ್ ಕೆಟ್ಟಿಲ್ಲ ಕಣ್ರೀ, ಆ ರೀಡಿಂಗ್ಸ್ ನೋಡಿದ್ರೆ ಗೊತ್ತಾಗುತ್ತೆ, ತುಂಬಾ ಹತ್ರ ಬಂದಿದಾರೆ. ಇದನ್ನ ಇಲ್ಲಿಗೆ ಬಿಟ್ರೆ ಅನ್ಯಾಯ.

@ಗರಗಸಅಲೆ ನೀವು ಕೇಳಿದ್ದಕ್ಕೆ ನೇರ ಉತ್ತರ: ಇವು ಮೂರು ಬೇರೆ ಬೇರೆ ತೊಂದರೆ, ಒಂದಕ್ಕೊಂದು ಸಂಬಂಧ ಇಲ್ಲ, ಮೂರನ್ನೂ ಒಂದೇ ಟ್ರಿಮ್ಮರಲ್ಲಿ ಸರಿ ಮಾಡೋಕೆ ಹೋಗ್ತಿರೋದಕ್ಕೇ ಮುಗೀತಿಲ್ಲ. ಮೊದ್ಲು ಸ್ಕ್ರೂಡ್ರೈವರ್ ಕೆಳಗಿಟ್ಟು ಆ ಪಟ್ಟಿನ ಸೆಂಟ್‌ಗೆ ತಿರುಗಿಸಿ ನೋಡಿ. ಆಕ್ಟೇವ್‌ಗೆ 1200 ಸೆಂಟ್, ಅಂದ್ರೆ 1 ಪರ್ಸೆಂಟ್ ಫ್ರೀಕ್ವೆನ್ಸಿ ತಪ್ಪಿದ್ರೆ ಸುಮಾರು 17 ಸೆಂಟ್. 3 ವೋಲ್ಟಲ್ಲಿ ಇರ್ಬೇಕಾದ್ದು 523.25, ನಿಮ್ಮದು 522.4, ಸುಮಾರು 3 ಸೆಂಟ್ ಇಳಿದಿದೆ. 4 ವೋಲ್ಟಲ್ಲಿ 6 ಸೆಂಟ್. 5 ವೋಲ್ಟಲ್ಲಿ 12. 6 ವೋಲ್ಟಲ್ಲಿ 25. ಕಾಣಿಸ್ತಾ? ಪ್ರತಿ ಆಕ್ಟೇವ್‌ಗೂ ತಪ್ಪು ಡಬಲ್ ಆಗ್ತಾ ಹೋಗ್ತಿದೆ.

ಸ್ಕೇಲ್ ತಪ್ಪಿದ್ರೆ ಹಿಂಗೆ ಬರಲ್ಲ. ಸ್ಕೇಲ್ ತಪ್ಪಿದ್ರೆ ಪ್ರತಿ ಆಕ್ಟೇವ್‌ಗೂ ಅಷ್ಟಷ್ಟೇ ಕೂಡ್ತಾ ಹೋಗುತ್ತೆ, 4, 8, 12, 16 ಹಿಂಗೆ. ಡಬಲ್ ಆಗ್ತಿದೆ ಅಂದ್ರೆ ಪ್ರತಿ ಸೈಕಲ್ಲಲ್ಲೂ ಒಂದು ಸ್ಥಿರವಾದ ಸಮಯ ವ್ಯರ್ಥ ಆಗ್ತಿದೆ ಅಂತ ಅರ್ಥ, ಫ್ರೀಕ್ವೆನ್ಸಿ ಎಷ್ಟೇ ಇರ್ಲಿ ಅದು ಅಷ್ಟೇ ಇರುತ್ತೆ, ಕೆಳಗಿನ ಸ್ವರದಲ್ಲಿ ಸೈಕಲ್ಲು ಉದ್ದ ಇರೋದ್ರಿಂದ ಲೆಕ್ಕಕ್ಕೇ ಬರಲ್ಲ, ಮೇಲೆ ಸೈಕಲ್ಲೇ ಚಿಕ್ಕದು ಹಾಗಾಗಿ ಎದ್ದು ಕಾಣುತ್ತೆ. ಎಷ್ಟು ಸಮಯ ಅಂತಾನೂ ನಿಮ್ಮ ಪಟ್ಟೀಲೇ ಇದೆ: 4126 ಹರ್ಟ್ಜ್ ಅಂದ್ರೆ ಸೈಕಲ್ 242.4 ಮೈಕ್ರೋಸೆಕೆಂಡ್, 4186 ಆಗಿದ್ರೆ 238.9 ಇರ್ಬೇಕಿತ್ತು, ವ್ಯತ್ಯಾಸ 3.5. 2078ಕ್ಕೂ ಮಾಡಿ ನೋಡಿ, 481.2 ಕಳೆ 477.8, ಅಲ್ಲೂ 3.4. ಬೇರೆ ಬೇರೆ ಆಕ್ಟೇವಲ್ಲಿ ಅದೇ ಅಂಕಿ ಬರ್ತಿದೆ ಅಂದ್ಮೇಲೆ ಅನುಮಾನಾನೇ ಇಲ್ಲ, ಅದು ರೀಸೆಟ್ ಸಮಯ, ಅಂದ್ರೆ ಅಲೆ ತುದಿ ಮುಟ್ಟಿದ್ಮೇಲೆ ಕೆಪಾಸಿಟರ್ ಖಾಲಿಯಾಗಿ ಮತ್ತೆ ಶುರುವಾಗೋಕೆ ಹಿಡಿಯೋದು.

ಅಷ್ಟು ಸಮಯ ಎಲ್ಲಿ ಹೋಗ್ತಿದೆ? ಜೆ113 ಆನ್ ಆದಾಗ ರೆಸಿಸ್ಟೆನ್ಸ್ ಹೆಚ್ಚಂದ್ರೆ 100 ಓಮ್, 1 ನ್ಯಾನೋಫ್ಯಾರಡ್ ಜತೆ ಸೇರಿ ಟೈಮ್ ಕಾನ್ಸ್ಟಂಟ್ 0.1 ಮೈಕ್ರೋಸೆಕೆಂಡ್, ಪೂರ್ತಿ ಖಾಲಿಯಾಗೋಕೆ ಅರ್ಧ ಮೈಕ್ರೋಸೆಕೆಂಡ್ ಸಾಕು. ಉಳಿದಿದ್ದೆಲ್ಲಾ ಟಿಎಲ್072. ಅದು ಆಡಿಯೋಗೆ ಮಾಡಿದ ಆಪ್‌ಆಂಪ್, ಕಂಪ್ಯಾರೇಟರ್ ಕೆಲಸಕ್ಕಲ್ಲ. ಸ್ಲೂ ರೇಟ್ (ಔಟ್‌ಪುಟ್ ಏರಿಳಿಯೋ ವೇಗ) ಮೈಕ್ರೋಸೆಕೆಂಡಿಗೆ ಸುಮಾರು 13 ವೋಲ್ಟ್, ಒಂದು ರೈಲಿಂದ ಇನ್ನೊಂದಕ್ಕೆ ಹೋಗೋಕೇ ಎರಡು ಮೈಕ್ರೋಸೆಕೆಂಡ್ ಹತ್ರ ಬೇಕು, ಅದರ ಮೇಲೆ ಸ್ಯಾಚುರೇಶನ್ನಿಂದ ಎದ್ದು ಬರೋಕೆ ಬೇರೆ ಟೈಮು. ಅಲ್ಲಿ ಎಲ್‌ಎಂ311 ಕಂಪ್ಯಾರೇಟರ್ ಚಿಪ್ ಹಾಕಿ, ಅದು 0.2 ಮೈಕ್ರೋಸೆಕೆಂಡಲ್ಲಿ ಉತ್ತರ ಕೊಡುತ್ತೆ. ಅದರದ್ದು ಓಪನ್ ಕಲೆಕ್ಟರ್ ಔಟ್‌ಪುಟ್, ಅಂದ್ರೆ ಕೆಳಗೆ ಮಾತ್ರ ಎಳೆಯುತ್ತೆ, ಮೇಲಕ್ಕೆ ಎಳೆಯೋಕೆ ಪುಲ್‌ಅಪ್ ರೆಸಿಸ್ಟರ್ ಬೇಕೇ ಬೇಕು, ಆ ಪುಲ್‌ಅಪ್ ತುಂಬಾ ದೊಡ್ಡದು ಹಾಕಿದ್ರೆ ಜೆಫೆಟ್ ಗೇಟು ನಿಧಾನಕ್ಕೆ ತುಂಬುತ್ತೆ, ಗಳಿಸಿದ್ದ ಸಮಯ ಅಲ್ಲೇ ಹೋಗುತ್ತೆ, ಹಾಗಾಗಿ ಕೆಲವು ಕೆ ಒಳಗೇ ಇಟ್ಕೊಳ್ಳಿ. ಹಂಗಂತ ರೀಸೆಟ್ ಪಲ್ಸ್ ತೀರಾ ಚಿಕ್ಕದೂ ಆಗ್ಬಾರ್ದು, ಕೆಪಾಸಿಟರ್ ಪೂರ್ತಿ ಖಾಲಿ ಆಗದೆ ಸಾಟೂತ್‌ನ ತಳ ಸೊನ್ನೆಗೆ ಮುಟ್ಟದೆ ಮೇಲೇ ನಿಲ್ಲುತ್ತೆ, ಸ್ಕೋಪ್ ಇದ್ರೆ ತಕ್ಷಣ ಕಾಣುತ್ತೆ.

311 ಹಾಕಿದ್ಮೇಲೂ ಸ್ವಲ್ಪ ಉಳಿಯುತ್ತೆ, ಅದಕ್ಕೆ ಫ್ರಾಂಕೋ ಕಾಂಪೆನ್ಸೇಶನ್ ಅಂತ ಇದೆ, ಇಡೀ ವಿಸಿಒ ಡಿಸೈನಲ್ಲಿ ನಂಗೆ ತುಂಬಾ ಇಷ್ಟವಾದ ಉಪಾಯ ಇದು. ಕೆಪಾಸಿಟರ್‌ಗೆ ಸೀರೀಸಲ್ಲಿ ಒಂದು ಚಿಕ್ಕ ರೆಸಿಸ್ಟರ್ ಹಾಕೋದು, ಅಷ್ಟೇ. ಚಾರ್ಜಿಂಗ್ ಕರೆಂಟ್ ಆ ರೆಸಿಸ್ಟರಲ್ಲಿ ಹರಿದಾಗ ಸ್ವಲ್ಪ ವೋಲ್ಟೇಜ್ ಜಾಸ್ತಿ ಸೇರುತ್ತೆ, ಹಾಗಾಗಿ ಕಂಪ್ಯಾರೇಟರ್ ಸ್ವಲ್ಪ ಬೇಗ ಹೊಡೆಯುತ್ತೆ. ಎಷ್ಟು ಬೇಗ? ಕರೆಂಟ್ ಜಾಸ್ತಿ ಆದ್ರೆ ಸೇರೋ ವೋಲ್ಟೇಜೂ ಜಾಸ್ತಿ, ಆದ್ರೆ ಏರೋ ವೇಗಾನೂ ಅಷ್ಟೇ ಜಾಸ್ತಿ, ಎರಡೂ ಹೊಡೆದುಹೋಗಿ ಉಳಿಯೋದು ಬರೀ ಆರ್ ಗುಣಿಸು ಸಿ, ಅಂದ್ರೆ ಎಲ್ಲಾ ಫ್ರೀಕ್ವೆನ್ಸಿಲೂ ಒಂದೇ ಸಮಯ! ನಿಮಗೆ ವ್ಯರ್ಥ ಆಗ್ತಿರೋದೂ ಸ್ಥಿರ ಸಮಯ, ವಾಪಸ್ ಕೊಡೋದೂ ಸ್ಥಿರ ಸಮಯ. 1 ನ್ಯಾನೋಫ್ಯಾರಡ್‌ಗೆ 1ಕೆ ಹಾಕಿದ್ರೆ 1 ಮೈಕ್ರೋಸೆಕೆಂಡ್ ಸಿಗುತ್ತೆ. 2ಕೆ ಟ್ರಿಮ್ಮರ್ ಇಟ್ರೆ ಸಾಕು.

ಒಂದು ವಿಷಯ ಜೋಪಾನ: ಜೆಫೆಟ್ ಕೆಪಾಸಿಟರ್‌ನ ಎರಡು ಕಾಲಿಗೇ ನೇರವಾಗಿ ಇರ್ಬೇಕು, ರೆಸಿಸ್ಟರ್ ಆ ಜೋಡಿಯ ಹೊರಗಡೆ ಇರ್ಬೇಕು. ಜೆಫೆಟ್ಟನ್ನ ರೆಸಿಸ್ಟರ್ ಕೆಪಾಸಿಟರ್ ಎರಡನ್ನೂ ಸೇರಿಸಿ ಹೊರಗಿಂದ ಹಾಕಿದ್ರೆ ಖಾಲಿ ಮಾಡೋ ದಾರೀಲೇ ಆ ರೆಸಿಸ್ಟರ್ ಅಡ್ಡ ಬರುತ್ತೆ, ಇನ್ನೂ ನಿಧಾನ ಆಗುತ್ತೆ. ಎಷ್ಟೋ ಬೋರ್ಡುಗಳಲ್ಲಿ ಇದನ್ನ ನೋಡಿದೀನಿ.

ಟ್ರಾನ್ಸಿಸ್ಟರ್ ಒಳಗಿನ ಎಮಿಟರ್ ರೆಸಿಸ್ಟೆನ್ಸಿಂದಾನೂ ಹಿಂಗೇ ಮೇಲೆ ಇಳಿಯುತ್ತೆ ಅಂತ ಯಾರಾದ್ರೂ ಹೇಳಬಹುದು, ನಿಜಾನೇ, ಆದ್ರೆ ನಿಮ್ಮ ಕೇಸಲ್ಲಿ 4 ಕಿಲೋಹರ್ಟ್ಜ್‌ಗೆ ಬೇಕಾದ ಕರೆಂಟು ಬರೀ 21 ಮೈಕ್ರೋಆಂಪ್, ಒಂದೆರಡು ಓಮ್ ಅಂತ ಇಟ್ಕೊಂಡ್ರೂ ಎರಡು ಮೂರು ಸೆಂಟಿಗಿಂತ ಜಾಸ್ತಿ ಬರಲ್ಲ. 10 ನ್ಯಾನೋಫ್ಯಾರಡ್ ಹಾಕಿದ್ದಿದ್ರೆ ಅದು ದೊಡ್ಡ ಮಾತಾಗ್ತಿತ್ತು.


ಶ್ರುತಿಪ್ರಿಯ:

ಬೆಸುಗೆ ಅವರು ಮೇಲಿನ ಆಕ್ಟೇವ್ ವಿಷಯ ಪೂರ್ತಿ ಹೇಳಿದಾರೆ, ನಾನು ಶಾಖದ ವಿಷಯ ಹೇಳ್ತೀನಿ, ಇದು ಎರಡು ಬೇರೆ ತೊಂದರೆ, ನಿಮ್ಮ ವಿವರಣೆಯಲ್ಲೇ ಎರಡೂ ಸ್ಪಷ್ಟವಾಗಿ ಬೇರೆಯಾಗಿದೆ.

ಫ್ಯಾನ್ ಗಾಳಿಗೆ ಎಲ್ಲಾ ಸ್ವರಾನೂ ಒಟ್ಟಿಗೆ ಅಲ್ಲಾಡೋದು, ಬೆರಳಿಟ್ರೆ ಹಾರೋದು, ಇದು ಎರಡು ಟ್ರಾನ್ಸಿಸ್ಟರ್ ಒಂದೇ ಬಿಸೀಲಿ ಇಲ್ಲದಿರೋದಕ್ಕೆ. ಒಂದು ಟ್ರಾನ್ಸಿಸ್ಟರ್‌ನ ವಿಬಿಇ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತೆ. ಬೇಸ್ ಹತ್ರ ಒಂದು ಇಡೀ ಆಕ್ಟೇವ್ ಅಂದ್ರೆ ಬರೀ 18 ಮಿಲಿವೋಲ್ಟು! ಅಂದ್ರೆ ಒಂದು ಟ್ರಾನ್ಸಿಸ್ಟರ್ ಇನ್ನೊಂದಕ್ಕಿಂತ 1 ಡಿಗ್ರಿ ಬಿಸಿಯಾದ್ರೆ ಸ್ವರ ಸುಮಾರು 130 ಸೆಂಟ್ ಸರಿದುಹೋಗುತ್ತೆ, ಅರ್ಧ ಸ್ವರಕ್ಕಿಂತ ಜಾಸ್ತಿ. ಡಿಗ್ರಿಯ ಹತ್ತನೇ ಒಂದು ಭಾಗ ವ್ಯತ್ಯಾಸ ಬಂದ್ರೂ 13 ಸೆಂಟು, ಅದು ಕಿವಿಗೆ ಚೆನ್ನಾಗೇ ಗೊತ್ತಾಗುತ್ತೆ. ಎರಡು ಬೇರೆ ಪ್ಲಾಸ್ಟಿಕ್ ಡಬ್ಬಿಲಿರೋ ಟ್ರಾನ್ಸಿಸ್ಟರನ್ನ ಎಷ್ಟೇ ಅಂಟಿಸಿ ಒತ್ತಿ ಕಟ್ಟಿದ್ರೂ ಇಷ್ಟು ಹತ್ರ ಇಡೋಕೆ ಕಷ್ಟ. ಒಂದೇ ಪ್ಯಾಕೇಜಲ್ಲಿ ಎರಡಿರೋ ಮ್ಯಾಚ್ಡ್ ಪೇರ್ ತಗೊಳ್ಳಿ, ಬಿಸಿಎಂ847 ಅಥವಾ ಡಿಎಂಎಂಟಿ3904 ತರದ್ದು, ಎಸ್‌ಎಂಡಿ ಚಿಕ್ಕದು ಅಂತ ಹೆದರ್ಬೇಡಿ, ಅಡಾಪ್ಟರ್ ಬೋರ್ಡ್ ಮೇಲೆ ಕೂರಿಸ್ಬೋದು. ದ್ಯಾಟ್300 ಸಿಕ್ಕಿದ್ರೆ ಇನ್ನೂ ಒಳ್ಳೇದು, ನಾಲ್ಕು ಟ್ರಾನ್ಸಿಸ್ಟರ್ ಒಂದೇ ಚಿಪ್ಪಲ್ಲಿ.

ಇಲ್ಲಿ ಬಹಳ ಜನ ಮ್ಯಾಚಿಂಗ್‌ಗೇ ಒದ್ದಾಡ್ತಾರೆ, ರಾಶಿ ಟ್ರಾನ್ಸಿಸ್ಟರ್ ಇಟ್ಕೊಂಡು ಮಿಲಿವೋಲ್ಟ್ ಮಿಲಿವೋಲ್ಟ್ ಆರಿಸ್ತಾರೆ. ವಿಬಿಇ ವ್ಯತ್ಯಾಸ ಸ್ಥಿರವಾಗಿದ್ರೆ ಅದು ಇಡೀ ಕೀಬೋರ್ಡನ್ನ ಒಂದೇ ಸಮ ಪಕ್ಕಕ್ಕೆ ಸರಿಸುತ್ತೆ ಅಷ್ಟೇ, ಕೋರ್ಸ್ ನಾಬ್ ಅದನ್ನ ನುಂಗ್ಕೊಳ್ಳುತ್ತೆ. ನಿಜವಾಗಿ ಬೇಕಾಗಿರೋದು ಎರಡೂ ಒಟ್ಟಿಗೆ ಬಿಸಿಯಾಗಿ ಒಟ್ಟಿಗೆ ತಣ್ಣಗಾಗೋದು.

ಈಗ ನಿಮ್ಮ ಎರಡನೇ ಒಗಟು, ಕೆಳಗಿನ ಸ್ವರ ಏರುತ್ತೆ ಮೇಲಿಂದು ಏರಲ್ಲ ಅನ್ನೋದು. ಆ 18 ಮಿಲಿವೋಲ್ಟ್ ಅಂದ್ನಲ್ಲ, ಅದು ಆಬ್ಸಲ್ಯೂಟ್ ತಾಪಮಾನಕ್ಕೆ ತಕ್ಕಂಗೆ ಬದಲಾಗೋದು, ಕೋಣೆಯ ತಾಪಮಾನದ ಹತ್ರ ಡಿಗ್ರಿಗೆ 0.33 ಪರ್ಸೆಂಟ್. ಅಂದ್ರೆ ರೆಫರೆನ್ಸ್ ಕರೆಂಟಿಂದ ನೀವು ಎಷ್ಟು ಆಕ್ಟೇವ್ ದೂರ ಇದೀರೋ, ಪ್ರತಿ ಆಕ್ಟೇವ್‌ಗೂ ಡಿಗ್ರಿಗೆ 4 ಸೆಂಟ್ ತಪ್ಪು. ನಿಮ್ಮ ರೆಫರೆನ್ಸ್ 12 ವೋಲ್ಟ್ ಭಾಗಿಸು 1 ಮೆಗಓಮ್, ಅಂದ್ರೆ 12 ಮೈಕ್ರೋಆಂಪ್. 1 ನ್ಯಾನೋಫ್ಯಾರಡ್ 5 ವೋಲ್ಟಿಗೆ ಅಷ್ಟು ಕರೆಂಟ್ ಹೋದ್ರೆ 2400 ಹರ್ಟ್ಜ್ ಬರುತ್ತೆ. ಹಾಗಾಗಿ ನಿಮ್ಮ 5 ವೋಲ್ಟ್ ಸ್ವರ ರೆಫರೆನ್ಸ್ ಪಕ್ಕದಲ್ಲೇ ಕೂತಿದೆ, ಅಲ್ಲಾಡಲ್ಲ. 65 ಹರ್ಟ್ಜ್ ಅಲ್ಲಿಂದ 5 ಆಕ್ಟೇವ್‌ಗಿಂತ ಸ್ವಲ್ಪ ಜಾಸ್ತಿ ದೂರ, ಡಿಗ್ರಿಗೆ 20 ಸೆಂಟ್ ಮೇಲೆ ಜಗ್ಗುತ್ತೆ, ಬಿಸಿಯಾದಂಗೆ ರೆಫರೆನ್ಸ್ ಕಡೆಗೇ ಎಳೆಯೋದ್ರಿಂದ ಸ್ವರ ಏರುತ್ತೆ. ನೀವು ಕಿವೀಲಿ ಕೇಳಿದ್ದು ಇದೇ.

ಇದಕ್ಕೆ ಮದ್ದು ಟೆಂಪ್ಕೋ ರೆಸಿಸ್ಟರ್ (ಬಿಸಿಯಾದಂಗೆ ಬೆಲೆ ಏರೋದು), ಡಿಗ್ರಿಗೆ +3300 ಪಿಪಿಎಂ (ಹತ್ತು ಲಕ್ಷಕ್ಕೆ 3300 ಭಾಗ). ಆದ್ರೆ ಈಗಿರೋ 1.5ಕೆ ಜಾಗದಲ್ಲಿ ಬರೀ 1ಕೆ ಟೆಂಪ್ಕೋ ಹಾಕಿ ಮಿಕ್ಕಿದ್ದಕ್ಕೆ ಮಾಮೂಲಿ ರೆಸಿಸ್ಟರ್, ಟ್ರಿಮ್ಮರ್ ಸೇರಿಸಿದ್ರೆ ಅರ್ಧದಷ್ಟು ಕಾಂಪೆನ್ಸೇಶನ್ನೇ ಸಿಗೋದು. ಹೀಗೆ ಮಾಡಿ: ಸಮ್ಮರ್ ಫೀಡ್‌ಬ್ಯಾಕಲ್ಲಿ ಪೂರ್ತಿ 2ಕೆ ಟೆಂಪ್ಕೋ ಒಂದೇ, ಬೇರೇನೂ ಬೇಡ. ಸ್ಕೇಲ್ ಟ್ರಿಮ್ಮರನ್ನ ಅಲ್ಲಿಂದ ಕಿತ್ತು 1 ವೋಲ್ಟ್ ಪರ್ ಆಕ್ಟೇವ್ ಇನ್‌ಪುಟ್‌ನ 100ಕೆ ಜತೆ ಸೀರೀಸಲ್ಲಿ ಹಾಕಿ, 25ಕೆ ಮಲ್ಟಿಟರ್ನ್. ಒಟ್ಟು 112ಕೆ ಆಸುಪಾಸಲ್ಲಿ ಸರಿಯಾಗಿ ಕೂರುತ್ತೆ.

ಇದರಲ್ಲಿ ಇನ್ನೊಂದು ಲಾಭ ಇದೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ. ಸ್ಕೇಲ್ ಟ್ರಿಮ್ ಫೀಡ್‌ಬ್ಯಾಕಲ್ಲಿದ್ರೆ ಅದು ಕೋರ್ಸ್, ಫೈನ್, ಸಿವಿ ಎಲ್ಲದರ ಮೊತ್ತಾನ ಹಿಗ್ಗಿಸುತ್ತೆ, ಹಾಗಾಗಿ ಮುಟ್ಟಿದಾಗೆಲ್ಲಾ ಕೆಳಗಿನ ಸ್ವರಾನೂ ಓಡುತ್ತೆ, ನೀವು ಮೇಲೆ ಕೆಳಗೆ ಸುತ್ತಾಡ್ತಿರೋದು ಅದಕ್ಕೇ. ಸಿವಿ ಇನ್‌ಪುಟ್ ದಾರೀಲಿ ಮಾತ್ರ ಇದ್ರೆ, 0 ವೋಲ್ಟಲ್ಲಿ ಆ ದಾರೀಲಿ ಕರೆಂಟೇ ಇರಲ್ಲ, ಟ್ರಿಮ್ಮರ್ ಎಷ್ಟು ತಿರುಗಿಸಿದ್ರೂ 0 ವೋಲ್ಟ್ ಸ್ವರ ಕದಲಲ್ಲ. ಕೆಳಗಿನ ಸ್ವರ ಒಂದ್ಸಲ ಇಟ್ಟು, 3 ವೋಲ್ಟಿಗೆ ಹೋಗಿ ಟ್ರಿಮ್ ಮಾಡಿದ್ರೆ ಮುಗೀತು.

ಟೆಂಪ್ಕೋನ ಟ್ರಾನ್ಸಿಸ್ಟರ್ ಜೋಡಿ ಮೇಲೆ ತಾಗಿಸಿ ಥರ್ಮಲ್ ಪೇಸ್ಟ್ ಹಾಕಿ ಕೂರಿಸಿ, ಬೋರ್ಡ್‌ನ ಇನ್ನೊಂದು ಮೂಲೇಲಿದ್ರೆ ಅದು ಅಳೆಯೋದು ಬೇರೆ ಯಾವುದೋ ಬಿಸಿ. ಆ 102 ಸೆರಾಮಿಕ್ಕನ್ನೂ ತೆಗೀರಿ, ಯಾವ ಜಾತಿ ಅಂತ ಗೊತ್ತಿಲ್ಲ, ಎಕ್ಸ್7ಆರ್ ಅನ್ನೋ ಜಾತಿ ಆಗಿದ್ರೆ ತಾಪಮಾನಕ್ಕೂ ವೋಲ್ಟೇಜಿಗೂ ಬೆಲೆ ಬದಲಾಗುತ್ತೆ. ಸಿ0ಜಿ ಜಾತಿ ಸೆರಾಮಿಕ್ ಹಾಕಿ, ಡಿಗ್ರಿಗೆ 30 ಪಿಪಿಎಂ ಒಳಗೆ ಇರುತ್ತೆ, ಅದು ಸೆಂಟಿನ ಇಪ್ಪತ್ತನೇ ಒಂದು ಭಾಗ. ಪಾಲಿಸ್ಟೈರೀನ್ ಇದ್ರೂ ಒಳ್ಳೇದೇ, ಬೆಸುಗೆ ಬಿಸಿಗೆ ಬೇಗ ಕರಗುತ್ತೆ, ಹುಷಾರು.


ಗರಗಸಅಲೆ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಡಬಲ್ ಆಗ್ತಿರೋದು ನನ್ನ ಪಟ್ಟೀಲೇ ಇತ್ತು, ಈಗ ನೋಡಿದ್ರೆ ಬೇರೇನೂ ಕಾಣಲ್ಲ ಅನ್ನೋ ಹಂಗಾಗಿದೆ. 311, ಸಿ0ಜಿ, ಡ್ಯುಯಲ್ ಟ್ರಾನ್ಸಿಸ್ಟರ್, ಟೆಂಪ್ಕೋ ಎಲ್ಲಾ ತರಿಸ್ತೀನಿ. ಒಂದು ಡೌಟು, ನನ್ನ ಸಿವಿ ಬರ್ತಿರೋದು ಮಿಡಿ ಟು ಸಿವಿ ಬಾಕ್ಸಿಂದ (ಕೀಬೋರ್ಡ್‌ನ ಡಿಜಿಟಲ್ ಸಂದೇಶಾನ ವೋಲ್ಟೇಜಿಗೆ ತಿರುಗಿಸೋದು), ಅದನ್ನ ನಂಬ್ಬೋದಾ?


ತಂತಿಬೋರ್ಡ್:

ಅಳೆದು ನಂಬಿ. 1 ಸೆಂಟ್ ಅಂದ್ರೆ ಸಿವಿಯಲ್ಲಿ 0.83 ಮಿಲಿವೋಲ್ಟ್, ಹಾಗಾಗಿ ಎರಡು ದಶಾಂಶ ತೋರ್ಸೋ ಮೀಟರ್ ಸಾಕಾಗಲ್ಲ, ಮಿಲಿವೋಲ್ಟ್ ತನಕ ತೋರ್ಸೋದು ಬೇಕು. ಬಾಕ್ಸಿಂದ ಬರೋ ವೋಲ್ಟೇಜು 1 ಪರ್ಸೆಂಟ್ ತಪ್ಪಿದ್ರೆ ಪ್ರತಿ ಆಕ್ಟೇವ್‌ಗೂ 12 ಸೆಂಟ್ ತಪ್ಪು, ವಿಸಿಒ ಪಾಪ ಸರಿಯಾಗೇ ಇರುತ್ತೆ.

ಅಳೆಯೋವಾಗ ಸಿವಿ ಕೇಬಲ್ ವಿಸಿಒಗೆ ಚುಚ್ಚಿರೋ ಹಾಗೇ ಅಳೀರಿ, ಇದು ಬಹಳ ಮುಖ್ಯ. ಎಷ್ಟೋ ಮಾಡ್ಯೂಲ್‌ಗಳ ಔಟ್‌ಪುಟ್ಟಲ್ಲಿ ಸೀರೀಸಲ್ಲಿ 1ಕೆ ಇರುತ್ತೆ, ಅದು ನಿಮ್ಮ 100ಕೆ ಇನ್‌ಪುಟ್‌ಗೆ ಸೇರಿದಾಗ 1 ಪರ್ಸೆಂಟ್ ಅಲ್ಲೇ ಬೀಳುತ್ತೆ. ಒಂದೇ ವಿಸಿಒ ಆದ್ರೆ ಸ್ಕೇಲ್ ಟ್ರಿಮ್ಮಲ್ಲಿ ಸರಿ ಹೋಗುತ್ತೆ, ಆದ್ರೆ ಆಮೇಲೆ ಪ್ಯಾಸಿವ್ ಮಲ್ಟಿಪಲ್ (ಒಂದು ಸಿಗ್ನಲ್ಲನ್ನ ಬರೀ ತಂತೀಲಿ ಹಂಚೋದು) ಹಾಕಿ ಅದೇ ಸಿವಿನ ಎರಡು ವಿಸಿಒಗೆ ಕೊಟ್ರೆ ಲೋಡ್ 50ಕೆ ಆಗಿ 2 ಪರ್ಸೆಂಟ್ ಬೀಳುತ್ತೆ, ಎರಡೂ ವಿಸಿಒ ಪ್ರತಿ ಆಕ್ಟೇವ್‌ಗೂ ಇನ್ನೊಂದು 12 ಸೆಂಟ್ ಇಳಿಯುತ್ತೆ, ನೆನ್ನೆ ಸರಿಯಿತ್ತಲ್ಲ ಇವತ್ತೇನಾಯ್ತು ಅಂತ ತಲೆ ಕೆಡುತ್ತೆ. ಪಿಚ್ ಸಿವಿ ಹಂಚೋಕೆ ಬಫರ್ಡ್ ಮಲ್ಟಿಪಲ್ಲೇ ಹಾಕಿ.


ಬೆಸುಗೆ:

+1, ಇದನ್ನ ಯಾರೂ ಮೊದ್ಲೇ ಹೇಳಲ್ಲ.

ಟ್ಯೂನ್ ಮಾಡೋ ರೀತಿ ಬಗ್ಗೆ ಒಂದು ಮಾತು ಸೇರಿಸ್ತೀನಿ. ಮೊಬೈಲ್ ಟ್ಯೂನರ್ ಆಪ್ ಕೆಳಗಿನ ಸ್ವರದಲ್ಲಿ ಪರವಾಗಿಲ್ಲ, ಮೇಲೆ ಹೋದಂಗೆ ಕಿವಿ ಕೊಟ್ಟು ಬೀಟ್ಸ್ ಕೇಳಿ ಮಾಡೋದೇ ನಿಖರ. ಕಂಪ್ಯೂಟರಿಂದ 1046.5 ಹರ್ಟ್ಜ್ ಸ್ವರ ಹಾಕಿ, ಜತೆಗೆ ವಿಸಿಒ ಬಿಡಿ, ಎರಡೂ ಸೇರಿ ವಾವ್ ವಾವ್ ಅಂತ ಬಡೀತವಲ್ಲ, ಅದು ಸೆಕೆಂಡಿಗೆ ಒಂದ್ಸಲ ಬಡೀತಿದ್ರೆ ನೀವು 1 ಹರ್ಟ್ಜ್ ದೂರ ಇದೀರಿ, ಅಲ್ಲಿ ಅದು ಬರೀ 1.7 ಸೆಂಟ್. 4186 ಹತ್ರ ಅದೇ ಒಂದು ಬಡಿತ ಅರ್ಧ ಸೆಂಟಿಗಿಂತ ಕಮ್ಮಿ. ಇಷ್ಟು ಸೂಕ್ಷ್ಮ ಯಾವ ಆಪಲ್ಲೂ ಸುಲಭಕ್ಕೆ ಸಿಗಲ್ಲ.

ಕ್ರಮ ಹೀಗಿರ್ಲಿ: ಕೇಸ್ ಒಳಗೆ ಹಾಕಿ ಅರ್ಧ ಗಂಟೆ ಬಿಸಿಯಾಗೋಕೆ ಬಿಡಿ, ಆಮೇಲೆ ಫ್ರಾಂಕೋ ಟ್ರಿಮ್ಮರ್ ಸೊನ್ನೆಲಿಟ್ಟು 0 ಇಂದ 3 ವೋಲ್ಟ್ ಒಳಗೆ ಮಾತ್ರ ಸ್ಕೇಲ್ ಸರಿ ಮಾಡಿ, ಅಲ್ಲಿ ರೀಸೆಟ್ ಸಮಯದ ಪ್ರಭಾವ ಇಲ್ಲ ಅನ್ನೋಷ್ಟು ಕಮ್ಮಿ. ಅದು ಸರಿಯಾದ್ಮೇಲೆ ಸ್ಕೇಲ್ ಟ್ರಿಮ್ಮನ್ನ ಮುಟ್ಟಲೇಬೇಡಿ, 6 ವೋಲ್ಟಿಗೆ ಹೋಗಿ ಬರೀ ಫ್ರಾಂಕೋ ಟ್ರಿಮ್ಮರ್ ತಿರುಗಿಸಿ. ಕೊನೇಗೆ ಒಂದ್ಸಲ ಕೆಳಗಿಂದ ಮೇಲೆ ಪೂರ್ತಿ ನೋಡಿ.


ಗರಗಸಅಲೆ:

ಅಪ್‌ಡೇಟ್. ಪಾರ್ಟ್ಸ್ ಬಂತು, ಎಲ್ಲಾ ಬದಲಾಯಿಸಿದೆ. 311 ಹಾಕಿದ ತಕ್ಷಣ, ಫ್ರಾಂಕೋ ಸೊನ್ನೇಲಿ ಇದ್ದಾಗಲೇ, 6 ವೋಲ್ಟಲ್ಲಿ 4172 ಬಂತು, 25 ಸೆಂಟ್ ಇದ್ದಿದ್ದು 6ಕ್ಕೆ ಇಳೀತು. ಲೆಕ್ಕ ಹಾಕಿದೆ, ಉಳಿದಿರೋದು 0.8 ಮೈಕ್ರೋಸೆಕೆಂಡ್, ಅಂದ್ರೆ 800 ಓಮ್ ಬೇಕು. ಟ್ರಿಮ್ಮರ್ ತಿರುಗಿಸಿ ಬೀಟ್ಸ್ ನಿಲ್ಲಿಸಿ ಆಮೇಲೆ ಬಿಚ್ಚಿ ಅಳೆದ್ರೆ 790! ಕಾಗದದ ಮೇಲಿನ ಲೆಕ್ಕ ಬೋರ್ಡ್ ಮೇಲೆ ಹಂಗೇ ಬಂದಿದ್ದು ನೋಡಿ ತುಂಬಾ ಖುಷಿಯಾಯ್ತು. ಈಗ 6 ವೋಲ್ಟಲ್ಲಿ 4185. ಫ್ಯಾನ್ ಗಾಳಿಗೆ ಕದಲ್ತಿಲ್ಲ. ಸ್ಕೇಲ್ ಟ್ರಿಮ್ ಇನ್‌ಪುಟ್ಟಿಗೆ ಹಾಕಿದ್ಮೇಲೆ ಟ್ಯೂನಿಂಗ್ ಒಂದೇ ಸುತ್ತಲ್ಲಿ ಮುಗೀತು.

ಅದೇ ಹುರುಪಲ್ಲಿ ಇನ್ನೊಂದು ಬೋರ್ಡ್ ಕಟ್ಟಿದೆ. ಒಂದೊಂದೇ ಓಡಿಸಿದ್ರೆ ಎರಡೂ ಸರಿ ಇದೆ, ಒಟ್ಟಿಗೆ ಒಂದೇ ಸ್ವರಕ್ಕೆ ತಂದ್ರೆ ಆ ನಿಧಾನದ ಬೀಟ್ಸ್ ಬರ್ತಾನೇ ಇಲ್ಲ, ಹತ್ರ ಬಂದಂಗೆ ಅಂಟ್ಕೊಂಡ್ಬಿಡ್ತವೆ, ಫೈನ್ ನಾಬ್ ಸ್ವಲ್ಪ ಜಾಸ್ತಿ ತಿರುಗಿಸಿದ್ರೆ ಆಗ ಪಟ್ ಅಂತ ಬಿಟ್ಕೊಳ್ತವೆ. ಎರಡು ವಿಸಿಒ ಸೇರಿಸಿ ಸಿಗೋ ಆ ಅಲೆಯಂಥ ಸದ್ದಿಗೋಸ್ಕರಾನೇ ಎರಡನೇದು ಕಟ್ಟಿದ್ದು ನಾನು.


ಶ್ರುತಿಪ್ರಿಯ:

ಭಲೇ, 790 ಬಂದಿದ್ದು ಕೇಳಿ ನಂಗೂ ಖುಷಿಯಾಯ್ತು.

ಅಂಟ್ಕೊಳ್ಳೋದು ಪವರ್ ರೈಲ್ ಮೂಲಕ. ಒಂದು ವಿಸಿಒ ರೀಸೆಟ್ ಆದಾಗ ರೈಲಲ್ಲಿ ಚಿಕ್ಕ ಸ್ಪೈಕ್ ಬರುತ್ತೆ, ಇನ್ನೊಂದರ ಸಾಟೂತ್ ಆ ಹೊತ್ತಿಗೆ ತುದಿ ಹತ್ರ ಇದ್ರೆ ಅದರ ಕಂಪ್ಯಾರೇಟರ್ ಥ್ರೆಶೋಲ್ಡ್ ಆ ಸ್ಪೈಕಿಗೆ ಕ್ಷಣ ಇಳಿದು ಅದೂ ಜತೇಲೇ ಹೊಡೆದುಬಿಡುತ್ತೆ. ಬೇಡದಿದ್ರೂ ಸಿಂಕ್ ಆದಂಗಾಯ್ತು. ಪ್ರತಿ ಬೋರ್ಡ್‌ಗೂ ಪವರ್ ಒಳಗೆ ಬರೋ ಜಾಗದಲ್ಲಿ ಎರಡೂ ರೈಲಿಗೆ 10 ಓಮ್ ಸೀರೀಸ್, ಆಮೇಲೆ 10 ಮೈಕ್ರೋಫ್ಯಾರಡ್ ನೆಲಕ್ಕೆ. 311ರ ಪವರ್ ಪಿನ್ ಪಕ್ಕದಲ್ಲೇ 100 ನ್ಯಾನೋಫ್ಯಾರಡ್, ಥ್ರೆಶೋಲ್ಡ್ ಡಿವೈಡರ್ ಮಧ್ಯದಲ್ಲೂ ಇನ್ನೊಂದು, ಹಿಸ್ಟರೆಸಿಸ್ (ಕಂಪ್ಯಾರೇಟರ್ ಔಟ್‌ಪುಟ್ಟಿಂದ ವಾಪಸ್ ಕೊಡೋ ಫೀಡ್‌ಬ್ಯಾಕ್) ಅಲ್ಲಿಗೇ ಬರ್ತಿದ್ರೆ ಮಾತ್ರ ಆ ಕೊನೇದು ಬೇಡ, ರೀಸೆಟ್ ಕೆಡುತ್ತೆ. 311 ನೆಲದ ತಂತೀನ ಸಮ್ಮರ್ ನೆಲದ ಜತೆ ಸುತ್ತಾಡಿಸದೆ ನೇರ ಪವರ್ ಕನೆಕ್ಟರ್‌ಗೆ ತಗೊಂಡು ಹೋಗಿ.

ಥ್ರೆಶೋಲ್ಡನ್ನೂ ಆ 1 ಮೆಗಓಮ್ ರೆಫರೆನ್ಸ್ ಕರೆಂಟನ್ನೂ ಒಂದೇ +12ರಿಂದ, ಅದೂ 10 ಓಮ್ ಆದ್ಮೇಲಿನ ಜಾಗದಿಂದ ತಗೊಳ್ಳಿ. ರೈಲ್ ನಿಧಾನಕ್ಕೆ 1 ಪರ್ಸೆಂಟ್ ಇಳಿದ್ರೆ ಕರೆಂಟೂ 1 ಪರ್ಸೆಂಟ್ ಇಳಿಯುತ್ತೆ, ಏರ್ಬೇಕಾದ ಎತ್ತರಾನೂ 1 ಪರ್ಸೆಂಟ್ ಇಳಿಯುತ್ತೆ, ಸ್ವರ ಅಲ್ಲೇ ಇರುತ್ತೆ. ಕೋರ್ಸ್ ನಾಬ್‌ಗೆ ಮಾತ್ರ ಈ ಅನುಕೂಲ ಇಲ್ಲ, ಅದರ ವೋಲ್ಟೇಜ್ ನೇರವಾಗಿ ಪಿಚ್ ಆಗೋದ್ರಿಂದ 5 ವೋಲ್ಟಲ್ಲಿ 0.1 ಪರ್ಸೆಂಟ್ ಅಲ್ಲಾಡಿದ್ರೂ 6 ಸೆಂಟು. ಅದಕ್ಕೆ ಎಲ್‌ಎಂ4040 ತರದ ಒಂದು ಸ್ಥಿರ ವೋಲ್ಟೇಜ್ ರೆಫರೆನ್ಸ್ ಹಾಕಿ ಅಲ್ಲಿಂದ ನಾಬ್‌ಗೆ ಕೊಡಿ. ರೈಲಲ್ಲಿ ಎಲ್‌ಇಡಿ ಮಿಣುಕಿಸೋ ಎಲ್‌ಎಫ್‌ಒ (ನಿಧಾನದ ಆಸಿಲೇಟರ್) ಇದ್ರೆ ಈ ಬದಲಾವಣೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ.

10 ಓಮ್ ಮತ್ತೆ ಆ ಡಿಕಪ್ಲಿಂಗ್ ಕೆಪಾಸಿಟರ್ ಎಲ್ಲಾ ಮೊದ್ಲು ಹಾಕಿ ನೋಡಿ, ಬಹುಶಃ ಅಷ್ಟಕ್ಕೇ ಬಿಟ್ಕೊಳ್ಳುತ್ತೆ. ಆಗಲೂ ಅಂಟ್ತಿದ್ರೆ ಎರಡು ಬೋರ್ಡ್‌ನೂ ಪವರ್ ಬಸ್‌ನ ಬೇರೆ ಬೇರೆ ತುದಿಗೆ ಹಾಕಿ, ಯಾವ ಸ್ವರದಲ್ಲಿ ಎಷ್ಟು ಸೆಂಟ್ ಹತ್ರ ಬಂದಾಗ ಹಿಡ್ಕೊಳ್ಳುತ್ತೆ ಅಂತ ಬರ್ಕೊಂಡು ಇಲ್ಲಿ ಹಾಕಿ, ನೋಡೋಣ.